ಬಿಲ್ಪತ್ರೆ ಮರದ ಮೂರು ಗಂಟೆಯ ನೆರಳು

ಕಳೆದ ಭಾನುವಾರ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ತೊಳೆಯುತ್ತಿದ್ದೆ. ಪೈಪಿನ ನೀರು ಸ್ಟ್ಯಾಂಡಿನ ಹಿಂದಿನಿಂದ ಏನನ್ನೋ ಉರುಳಿಸಿಕೊಂಡು ಬಂತು. ಒಣಗಿದ ಬಿಲ್ವದ ಕಾಯಿ. ಮರದಂತೆ ಗಟ್ಟಿಯಾಗಿತ್ತು. ಒಂದು ಕಡೆ ಸೀಳು ಬಿಟ್ಟಿದ್ದು, ಮೂಗಿಗೆ ಹಿಡಿದರೆ ಒಳಗಿನ ಅಂಟಿನ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು. ಆ ಮರ ಹೋಗಿ ನಾಲ್ಕು ವರ್ಷ. ಅದನ್ನು ಬೆಳೆಸಿದವರು ಹೋಗಿ ಒಂದು ವರ್ಷ… ಆ ದಿನ ಎರಡು ಪ್ಯಾನೆಲ್ ತೊಳೆಯದೆಯೇ ಉಳಿದವು.

ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಮಿಲ್ ಅಮ್ಮ ಎನ್ನುತ್ತಿದ್ದರು. ಪಕ್ಕದ ಮನೆಯ ಮುಂದಿನ ಕೋಣೆಯೇ ಅವರ ಹಿಟ್ಟಿನ ಮಿಲ್. ಗಂಡ ತೀರಿಕೊಂಡ ಮೇಲೆ ಅವರೇ ನಡೆಸಿಕೊಂಡು ಬಂದಿದ್ದರು. ಹಣೆಯ ವಿಭೂತಿಯ ಮೇಲೆ ರಾಗಿ ಹಿಟ್ಟು ಕೂತು, ಮಧ್ಯಾಹ್ನದ ಹೊತ್ತಿಗೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಹಿತ್ತಲಲ್ಲಿ ಬಿಲ್ಪತ್ರೆ ಮರ. ಬೆಳಿಗ್ಗೆ ಸ್ನಾನ ಮಾಡಿ ಪತ್ರೆ ಕಿತ್ತು, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆಯೇ ಅವರು ಮೋಟಾರಿನ ಸ್ವಿಚ್ ಒತ್ತುತ್ತಿದ್ದುದು. ಸೋಮವಾರ ಬೀದಿಯ ಹೆಂಗಸರು ತಟ್ಟೆ ಹಿಡಿದು ಪತ್ರೆಗೆ ಬರುತ್ತಿದ್ದರು. "ಕೊಂಬೆ ಜಗ್ಗಬೇಡ್ರಮ್ಮ, ನಿಮ್ಮ ಜಡೆ ಯಾರಾದ್ರೂ ಇಂಗೇ ಎಳುದ್ರೆ ಸುಮ್ನಿರ್ತೀರಾ?" ಎಂದು ಮಿಲ್ಲಿನೊಳಗಿಂದಲೇ ಕೂಗುತ್ತಿದ್ದರು.

ನಾನಾಗ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಕಂಡದ್ದನ್ನೆಲ್ಲ ಬರೆದಿಡುವ ಅಭ್ಯಾಸ. ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದಾಗ ಅದನ್ನು ಕೂರಿಸಿದ ಎಂಜಿನಿಯರ್, ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು ಹನ್ನೆರಡು ಯೂನಿಟ್ ಬರಬೇಕು ಎಂದಿದ್ದ. ಮೆಟ್ಟಿಲ ಕೋಣೆಯಲ್ಲಿದ್ದ ಇನ್ವರ್ಟರಿನ ಸಣ್ಣ ಪರದೆಯನ್ನು ಓದಲು ನನಗೆ ಬರುತ್ತಿರಲಿಲ್ಲ. ಅಲ್ಲಿಗೆ ವೈಫೈ ತಲುಪದೆ ಮೊಬೈಲಿನಲ್ಲೂ ಏನೂ ಕಾಣುತ್ತಿರಲಿಲ್ಲ. ಗೇಟಿನ ಪಕ್ಕದ ಮೀಟರನ್ನು ಮಾತ್ರ ನಂಬಿದೆ. ನಮ್ಮಿಂದ ಹೊರಗೆ ಲೈನಿಗೆ ಎಷ್ಟು ಹೋಯಿತು ಎಂದು ಅದು ತೋರಿಸುತ್ತದೆ. ಪ್ರತಿ ಸಂಜೆ ಆ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದೆ. ಆರು. ಐದೂವರೆ. ಆರು. ಮೂರು ತಿಂಗಳು ಅದೇ ಅಂಕಿಗಳು.

ಅರ್ಧಕ್ಕರ್ಧ ಎಲ್ಲಿ ಹೋಗುತ್ತಿದೆ ಎಂದು ತಾರಸಿಗೆ ಹತ್ತಿ ನೋಡಿದೆ. ಮಧ್ಯಾಹ್ನ ಮೂರು ಗಂಟೆಗೆ ಬಿಲ್ಪತ್ರೆ ಮರದ ನೆರಳು ಮೂಲೆಯ ಪ್ಯಾನೆಲ್ ಮೇಲೆ ಬೀಳುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಕ್ಯಾಲೆಂಡರಿನ ಹಾಳೆಗಳನ್ನು ಹಿಡಿದು ಮಿಲ್ಲಿಗೆ ಹೋದೆ. ಅವರು ಮೋಟಾರ್ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಒಂದೊಂದೇ ಹಾಳೆ ತಿರುಗಿಸಿ ನೋಡಿದರು.

"ನೆರಳು ಬರೋದೇ ಮೂರು ಗಂಟೆ ಮೇಲೆ ಅಂತೀರಲ್ಲಪ್ಪ. ಅಷ್ಟೊತ್ತಿಗೆ ಬಿಸಿಲೇ ಇಳೀತಾ ಇರ್ತದೆ. ಅದುಕ್ಕೇ ಅರ್ಧ ಹೋಗ್ಬುಡ್ತದಾ?"

ಅದು ಸರಿಯಾದ ಪ್ರಶ್ನೆ. ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಬದಲಿಗೆ, ಒಂದು ಪ್ಯಾನೆಲ್‌ಗೆ ನೆರಳಾದರೆ ಇಡೀ ಸಾಲೇ ಕುಗ್ಗುತ್ತದೆ ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಕೊಂಬೆ ಕಡಿಸಿದರೆ ಸಾಕು, ಆದರೆ ಮತ್ತೆ ಚಿಗುರುತ್ತದೆ ಎಂದೆ. ಆ 'ಆದರೆ'ಯನ್ನು ನಾನು ಸೇರಿಸಬಾರದಿತ್ತು.

ಅವರು ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. "ಓದ್ದೋರು, ಬರ್ದು ತಂದಿದೀರ. ವರ್ಷ ವರ್ಷ ಅದರ ಕೈ ಕಾಲು ಕಡ್ಸೋ ಬದಲು ಒಂದೇ ಸಲ ತೆಗಿಸ್ಬುಡ್ತೀನಿ. ಕಾರ್ತಿಕ ಒಂದು ಮುಗೀಲಿ ಕಣಪ್ಪ."

ಕಾರ್ತಿಕ ಮುಗಿಯಿತು. ಮರ ಕಡಿಯುವವರು ಒಂದು ಗುರುವಾರ ಬಂದರು. ಮಿಲ್ ಅಮ್ಮ ಹಿತ್ತಲಿಗೆ ಬರಲಿಲ್ಲ. ಬೆಳಿಗ್ಗೆಯಿಂದ ಮಿಲ್ ಓಡುತ್ತಲೇ ಇತ್ತು. ಕಾಳಿಲ್ಲದೆ ತಿರುಗುವ ಕಲ್ಲಿನ ಸದ್ದು ಬೇರೆ. ಬರೀ ಕಲ್ಲು ಓಡಿಸಿದರೆ ಸವೆದುಹೋಗುತ್ತದೆ ಎಂದು ಎಲ್ಲರಿಗೂ ಗದರುತ್ತಿದ್ದ ಹೆಂಗಸು, ಅಂದು ಕೊನೆಯ ಕೊಂಬೆ ಬೀಳುವವರೆಗೂ ಬರೀ ಕಲ್ಲನ್ನೇ ಓಡಿಸಿದರು.

ಮರುದಿನದ ಅಂಕಿ ಆರು. ಅದರ ಮರುದಿನ ಆರೂಕಾಲು.

ಎರಡು ವಾರದ ನಂತರ ಎಂಜಿನಿಯರ್ ವೈಫೈ ಸರಿಮಾಡಲು ಬಂದ. ಅವನಿಗೆ ಹಾಳೆಗಳನ್ನು ತೋರಿಸಿದೆ. "ಸಾರ್, ಇದು ಹೊರಗೆ ಹೋಗಿದ್ದು ಮಾತ್ರ. ಹಗಲೊತ್ತು ಮನೇಲಿ ಖರ್ಚಾಗಿದ್ದು ಇದ್ರಲ್ಲಿ ಎಲ್ಲಿ ಬರುತ್ತೆ?" ಎಂದ. ಇನ್ವರ್ಟರಿನ ಗುಂಡಿ ಒತ್ತಿ, ಮೊದಲ ದಿನದಿಂದ ಪ್ಯಾನೆಲ್‌ಗಳು ಕೊಟ್ಟ ಒಟ್ಟು ಯೂನಿಟ್ ತೋರಿಸಿದ. ದಿನಗಳಿಂದ ಭಾಗಿಸಿದೆ. ಹನ್ನೊಂದರ ಮೇಲೆ ಬಂತು. ಆ ದಿನಗಳಲ್ಲಿ ಹೆಚ್ಚಿನವು ಮರ ಇದ್ದ ದಿನಗಳೇ. ಸೋಲಾರ್ ಬಂತೆಂದು ನಾವು ಇಂಡಕ್ಷನ್ ಒಲೆ ತಂದಿದ್ದೆವು. ವಾಷಿಂಗ್ ಮೆಷಿನ್, ನೀರಿನ ಪಂಪು ಎಲ್ಲವನ್ನೂ ಹೆಂಡತಿ ಬಿಸಿಲಿರುವಾಗಲೇ ಹಾಕುತ್ತಿದ್ದಳು, ಹಾಗೆ ಮಾಡೆಂದು ಹೇಳಿದವನೂ ನಾನೇ. ನೆರಳು ತಿಂದದ್ದು ದಿನಕ್ಕೆ ಅರ್ಧ ಯೂನಿಟ್ಟೂ ಇರಲಾರದು ಎಂದ ಎಂಜಿನಿಯರ್. ಮತ್ತೆ ಭಾಗಿಸಿದೆ. ಅದೇ ಬಂತು.

ಎಂಟು ತಿಂಗಳು ನಾನು ಅವರಿಗೆ ಹೇಳಲಿಲ್ಲ.

ಹಿಟ್ಟಿಗೆ ಹೋದಾಗಲೆಲ್ಲ ಕೇಳುತ್ತಿದ್ದರು. "ಈಗ ಕರೆಂಟ್ ಚೆನ್ನಾಗ್ ಬತ್ತದಾ?" "ಬರುತ್ತೆ ಅಮ್ಮ" ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು… ಅವರು ಸಾಲಿನಲ್ಲಿ ನಿಂತವರ ಕಡೆ ತಿರುಗಿ ತೃಪ್ತಿಯಿಂದ ನಗುತ್ತಿದ್ದರು.

ಒಂದು ದಿನ ಅವರು ಅಗ್ರಹಾರದ ಹೂವಿನ ಅಂಗಡಿಯಿಂದ ಪತ್ರೆ ಕೊಂಡು ಬಸ್ಸಿನಲ್ಲಿ ಬಂದು ಜಗಲಿಯ ಮೇಲೆ ಕೂತು, ಪೊಟ್ಟಣ ಬಿಚ್ಚಿ ಬಾಡಿದ ಪತ್ರೆ ಆರಿಸುತ್ತಿದ್ದರು. ಎಲೆ ಹರಿದ ದಳ ಪೂಜೆಗೆ ಬಾರದು. ಹತ್ತರಲ್ಲಿ ನಾಲ್ಕೈದು ಉಳಿದವು. ನಾನು ಗೇಟಿನಲ್ಲಿ ನಿಂತು ಎಣಿಸುತ್ತಿದ್ದೆ. ಆಮೇಲೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ, ಮನೆಯೋರೆಲ್ಲ ಉಂಡು ಎದ್ಮೇಲೆ ಪಾತ್ರೇಲಿ ಮಿಕ್ಕಿದ್ ಅನ್ನ ನೋಡಿ, ಅಕ್ಕಿ ಇಷ್ಟೇ ಹಾಕಿದ್ದು ಅಂದ್ಬುಟ್ರಿ."

"ಹೌದಮ್ಮ."

"ನಾನೂ ನಲವತ್ತು ವರ್ಷ ಮೀಟರ್ ನೋಡ್ದೋಳು. ಮೂರು ಗಂಟೆ ಮೇಲಿನ ನೆರಳು ಅಷ್ಟೊಂದು ತಿನ್ನಲ್ಲ ಅಂತ ಅನ್ಸಿತ್ತು. ನಿಮ್ಮ ಬರವಣಿಗೆ ನೋಡಿ ಸುಮ್ನಾದೆ."

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಇದನ್ನ ಬೇರೆ ಯಾರ್ಗೂ ಹೇಳ್ಬೇಡಿ. ಸೋಮವಾರ ಬಂದು ಕೇಳೋರಿಗೆಲ್ಲ, ಒಂದು ಮನೆ ಬೆಳಕಿಗೆ ಕೊಟ್ಟೆ ಅಂತ ಹೇಳಿದೀನಿ. ಸುಮ್‌ಸುಮ್ನೆ ಕಡ್ಸಿದ್ದು ಅಂತ ಆಗ್ಬುಟ್ರೆ ನಾನು ಲಿಂಗ ಎಂಗಪ್ಪ ಹಿಡೀಲಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೂ ಹಿಟ್ಟಿಗೆ ಹೋಗುತ್ತಿದ್ದೆ. ಅವರು ಎಂದಿನಂತೆಯೇ ಮಾತಾಡಿಸುತ್ತಿದ್ದರು. ಕರೆಂಟಿನ ವಿಷಯ ಮಾತ್ರ ಮತ್ತೆ ಕೇಳಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡಾಗ, ಹಜಾರದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಸಮಾಧಿಗೆ ಬಿಲ್ಪತ್ರೆ ಬೇಕಿತ್ತು. ಯಾರಾದರೂ ಹೋಗಿ ತನ್ನಿ ಎಂದು ಒಳಗಿನಿಂದ ಯಾರೋ ಕೂಗಿದರು. ನಾನು ಹೋದೆ. ಅಗ್ರಹಾರದ ಹೂವಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಬುಟ್ಟಿ ಪತ್ರೆಯನ್ನು ಆರಿಸಿದೆ. ಹರಿದವನ್ನು ತೆಗೆದೆ. ಅಂಗಡಿಯವನು "ಎಲ್ಲಾ ಮಣ್ಣಿಗೇ ತಾನೇ ಸ್ವಾಮಿ, ಬೇಗ ತಗೊಂಡ್ ಹೋಗಿ" ಎಂದ. ಆದರೂ ಆರಿಸಿದೆ.

ಈಗ ಮಿಲ್ಲಿನ ಶಟರ್ ಎತ್ತುವವರಿಲ್ಲ. ನನ್ನ ಮೊಬೈಲಿನಲ್ಲಿ ಪ್ಯಾನೆಲ್‌ಗಳು ಕೊಡುವ ಅಂಕಿ ಗಂಟೆಗಂಟೆಗೂ ಬರುತ್ತದೆ. ಕೆಲವು ದಿನ ತೆರೆದು ನೋಡುವುದೂ ಇಲ್ಲ. ಮೊನ್ನೆ ಸೋಮವಾರ, ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ತಟ್ಟೆ ಹಿಡಿದು ಬಂದು, ಇಲ್ಲಿ ಪತ್ರೆ ಮರ ಇತ್ತಂತಲ್ಲ ಎಂದು ಕೇಳಿದರು. ಎದುರು ಮನೆಯಾಕೆ ನನ್ನತ್ತ ಕೈ ತೋರಿಸಿ, "ಇವ್ರ ಸೋಲಾರ್‌ಗೆ ಅಂತ ಕೊಟ್ಬುಟ್ರು ಕಣ್ರೀ, ದೊಡ್ಡ ಮನಸ್ಸು ಆಯಮ್ಮಂದು" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ತಲೆಯಾಡಿಸಿದವನೇ ಒಳಗೆ ಬಂದು ಇದನ್ನು ಬರೆಯಲು ಕೂತೆ. ಅವರಿಗೆ ಕೊಟ್ಟ ಮಾತು ಇದರೊಂದಿಗೆ ಮುರಿಯಿತು. ಅವರಿದ್ದಿದ್ದರೆ ಮೋಟಾರ್ ನಿಲ್ಲಿಸಿ, ಇಡೀ ಸಾಲಿನ ಮುಂದೆ ನನ್ನನ್ನು ಬೈಯುತ್ತಿದ್ದರು. ಈಗ ಬೈಯುವವರೂ ಇಲ್ಲ…