ಕಾಕುವಿನ ಬಾಗಿಲ ಕೆಂಪು ಗುಂಡಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹನ್ನೊಂದೂವರೆಗೆ ಟ್ಯೂಷನ್‌ ಹುಡುಗಿಯರು ಬರುವವರಿದ್ದರು. ಅಷ್ಟರೊಳಗೆ ಬಟ್ಟೆ ಒಣಹಾಕಿ ಇಳಿಯಬೇಕೆಂದು ಟೆರೇಸಿನ ಮೇಲೆ ನಿಂತು ಫೋನಿನಲ್ಲಿ ಸಮಯ ನೋಡಿಕೊಂಡಿದ್ದೆ. ಹಾಗಾಗಿ ಈ ವಿಷಯದಲ್ಲಿ ಅನುಮಾನವಿಲ್ಲ.

ಮರಾಠಿ ಸೀಮೆಯ ಇಚಲಕರಂಜಿಯಲ್ಲಿ ನಮ್ಮದು ಪವರ್‌ಲೂಮಿನ ಓಣಿ. ಎದುರು ಮನೆಯ ಕಾಕು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಅವರು ನನಗೆ ಸಂಬಂಧಿಯಲ್ಲ. ದಾನೋಳಿಯಿಂದ ಸೊಸೆಯಾಗಿ ಬಂದವರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಒಂದು ಬೈಕ್ ಬಂದು ಅವರ ಮುಂದೆ ನಿಂತಿತು. ಓಡಿಸುವವನೂ ಹಿಂದೆ ಕೂತವನೂ ಇಬ್ಬರೂ ಹೆಲ್ಮೆಟ್ ಹಾಕಿದ್ದರು. ನಮ್ಮ ಓಣಿಯಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಶಿಸ್ತಿನವರು ಅಂದುಕೊಂಡೆ.

ಹಿಂದಿನವನು ಇಳಿದು ಒಂದು ಚೀಟಿ ಮುಂದೆ ಚಾಚಿದ. ಕಾಕು ವಿಳಾಸ ಓದಲೆಂದು ಕನ್ನಡಕ ಏರಿಸಿಕೊಂಡರು. ಅವನು ಅವರ ಕೊರಳಿನ ಚಿನ್ನದ ಗುಂಡುಗಳ ಬೋರಮಾಳಕ್ಕೆ ಕೈ ಹಾಕಿ ಎಳೆದ. ಕಾಕುವಿನ ಬಾಯಿ ದೊಡ್ಡದಾಗಿ ತೆರೆಯಿತು. ಸದ್ದು ಬರಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಲೂಮು, ಕರೆಂಟಿನ ಮಗ್ಗಗಳು, ದಡದಡ ಓಡುತ್ತಿದ್ದವು. ನಾನೂ ಚೀರಿದೆ. ಚೀರಿದ್ದು ನನ್ನ ಗಂಟಲಿಗೆ ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ. ಆಚೆ ಮನೆಯವಳು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕುತ್ತಲೇ ಇದ್ದಳು. ಕಳ್ಳನೂ ತಲೆ ಎತ್ತಲಿಲ್ಲ.

ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಬೈಕ್ ಇರಲಿಲ್ಲ. ದಾರ ಹರಿದು ಅರ್ಧ ಗುಂಡು ಅವನ ಕೈಗೆ ಹೋಗಿದ್ದವು, ಅರ್ಧ ಮೆಂತ್ಯದಲ್ಲಿ ಬಿದ್ದಿದ್ದವು. ಕಾಕು ಸೊಪ್ಪು ಸೋಸುವ ಹಾಗೆಯೇ ಅವುಗಳನ್ನು ಆರಿಸುತ್ತಿದ್ದರು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದರು, "ನೀ ನೋಡಿದ್ಯಾ ಯವ್ವಾ?"

"ನೋಡಿದ್ನಿ ಕಾಕು. ಚೀರಿದ್ನಿ."

"ನಾನೂ ಚೀರಿದ್ನಿ," ಎಂದರು.

ಹವಾಲ್ದಾರರು ಬಂದರು. ನಾವು ಕನ್ನಡದವರೆಂದು ಗೊತ್ತಾದ ಮೇಲೆ ಮರಾಠಿ ಬಿಟ್ಟು ಮಾತಾಡಿದರು.

"ಹೆಲ್ಮೆಟ್ ಹಾಕಿದ್ರ? ಇಬ್ಬರೂ? ಹಂಗಾರ ನಮ್ಮ ಊರವರಲ್ರಿ," ಎಂದು ಬರೆದುಕೊಂಡರು. ನಂತರ ಧೈರ್ಯ ಹೇಳಿದರು, "ನಿಮ್ಮದು ಭಾಳ ಚಲೋ ಗಲ್ಲಿ ಐತ್ರಿ. ಇಲ್ಲಿ ಕ್ರೈಮ್ ಅಂಬೋದ ಇಲ್ಲ. ರೆಕಾರ್ಡ ನೋಡ್ರಿ ಬೇಕಾದ್ರ."

ನಾನು ಜಯಸಿಂಗಪುರದಲ್ಲಿ ಬಿ.ಎಸ್ಸಿ. ಮಾಡಿದವಳು, ವಿಷಯ ಸಂಖ್ಯಾಶಾಸ್ತ್ರ. ಕೇಳದೆ ಇರಲಾಗಲಿಲ್ಲ. "ರೆಕಾರ್ಡಿನ್ಯಾಗ ಏನೇನು ಬರತೈತ್ರಿ?"

"ಯಾರರೆ ಬಂದು ಬರಸಿದ್ದು."

"ಯಾರಿಗೂ ಕೇಳಸಲಾರದ್ದು?"

"ಅದನ್ನ ಹೆಂಗ ಬರಕೊಳ್ಳೂದ್ರಿ ಅಕ್ಕಾರ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆ ವಾರ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು, ತಮ್ಮ ಮನೆಯಿಂದ ಸಿಲಿಂಡರ್ ಹೋದದ್ದು, ಸೈಕಲ್ ಹೋದದ್ದು ನನಗೆ ಹೇಳಿದರು. ಯಾರೂ ಬರೆಸಿರಲಿಲ್ಲ. ನಮ್ಮ ಓಣಿ ಸುರಕ್ಷಿತವಾಗಿದ್ದುದು ಹೀಗೆ.

ನನ್ನ ನಿದ್ದೆ ಹೋಯಿತು. ಲೂಮಿನ ಸದ್ದು ಅಲ್ಲಿಯವರೆಗೆ ನನಗೆ ಜೋಗುಳವಾಗಿತ್ತು. ಈಗ ಆ ಸದ್ದಿನ ಕೆಳಗೆ ಯಾರಾದರೂ ಚೀರುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುತ್ತ ಮಲಗುತ್ತಿದ್ದೆ. ಗಂಟೆಗೊಮ್ಮೆ ಎದ್ದು ಕಿಟಕಿಯಿಂದ ಕಾಕುವಿನ ಬಾಗಿಲು ನೋಡುತ್ತಿದ್ದೆ. ಚೀಟಿ, ಕನ್ನಡಕ, ಕೈ, ಬಾಯಿ. ಇದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಹೆಲ್ಮೆಟ್ ನೋಡಿದ ಕೂಡಲೇ ನಾನು ಒದ್ದೆ ಬಟ್ಟೆಯ ಬಕೆಟ್ ಕೆಳಗೆ ಎಸೆಯುತ್ತಿದ್ದೆ. ನಿಜದಲ್ಲಿ ಬಕೆಟ್ ನನ್ನ ಕಾಲ ಹತ್ತಿರವೇ ಇತ್ತು. ಗಡಹಿಂಗ್ಲಜದಲ್ಲಿ ಮಾಸ್ತರಿಕೆ ಮಾಡುವ, ಶನಿವಾರ ಬಂದು ಸೋಮವಾರ ಹೋಗುವ ನನ್ನ ಗಂಡ ಫೋನಿನಲ್ಲಿ "ಬಾಗಲಾ ಹಾಕ್ಕೊಂಡು ಮಲಗು" ಎಂದರು. ಬಾಗಿಲು ಹಾಕಿಯೇ ಇತ್ತು.

ಕಾಕು ಕಟ್ಟೆಗೆ ಬರುವುದನ್ನು ಬಿಟ್ಟರು. ಅವರ ಮಗ ಅವರನ್ನು ತವರೂರು ದಾನೋಳಿಯ ಹೊಲದ ಮನೆಗೆ ಕಳಿಸಲು ಹಟ ಹಿಡಿದ.

"ಅಲ್ಲಿ ಚೀರಿದ್ರ ಕೇಳಸತೈತಿ, ಅವ್ವಾ."

"ಯಾರಿಗೋ? ಕಬ್ಬಿಗೆ?" ಎಂದರು ಕಾಕು.

ಮಗ ಹದಿನೈದು ದಿನದ ಗಡುವು ಕೊಟ್ಟ. ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ಕಾಕುವನ್ನು ಗಾಡಿ ಹತ್ತಿಸುವವನೇ.

ಗಡುವಿನ ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಲೂಮುಗಳು ಒಟ್ಟಿಗೆ ನಿಂತವು. ಒಂದು ನಿಮಿಷದೊಳಗೆ ಓಣಿಯ ಎಲ್ಲ ಬಾಗಿಲುಗಳೂ ತೆರೆದವು. ಊಟದ ಕೈಯಲ್ಲಿ ಗಂಡಸರು, ಲಟ್ಟಣಿಗೆ ಹಿಡಿದ ಹೆಂಗಸರು, ಶೆಡ್ಡಿನ ಮಾಲಕರು, ಎಲ್ಲರೂ ರಸ್ತೆಗೆ ಬಂದು ಒಬ್ಬರಿಗೊಬ್ಬರು "ಲೈಟ ಹೋತೇನ್ರಿ?" ಎಂದು ಕೇಳಿದರು. ನಾನು ಟೆರೇಸಿನ ಮೇಲಿದ್ದೆ. ಕಾಕುವಿನ ಸರ ಹೋದ ದಿನ ಇದೇ ಜಾಗದಲ್ಲಿ ನಿಂತು ಜೀವ ಹೋಗುವಂತೆ ಚೀರಿದಾಗ ಒಬ್ಬರೂ ಬಂದಿರಲಿಲ್ಲ.

ಸಂಜೆ ಪಕ್ಕದ ಶೆಡ್ಡಿನ ಮಾಲಕರ ಮನೆಗೆ ಹೋದೆ. ಕಾಕುವಿನ ಬಾಗಿಲಲ್ಲಿ ಒಂದು ಗುಂಡಿ ಕೂಡಿಸಿ, ಅದನ್ನು ಒತ್ತಿದರೆ ಲೂಮುಗಳು ನಿಲ್ಲುವಂತೆ ಮಾಡಿಕೊಡಿ ಎಂದೆ.

"ತಲಿ ನೆಟ್ಟಗೈತಿಲ್ರಿ? ನಡುವ ನಿಂತ್ರ ಅರಿವಿ ಮ್ಯಾಲ ಪಟ್ಟಿ ಬೀಳತಾವು. ವ್ಯಾಪಾರಿ ನನ್ನ ಮಾರಿ ಮ್ಯಾಲ ಒಗಿತಾನ."

ಒಳಗಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಕೊರಳಿನ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡರು, ಅಷ್ಟೇ. ಮರುದಿನ ವೈರ್‌ಮನ್ ಬಂದ.

ಕೆಂಪು ಗುಂಡಿಯನ್ನು ಕಾಕು ಎರಡೇ ದಿನದಲ್ಲಿ ಒತ್ತಿದರು. ಲೂಮು ನಿಂತವು, ಓಣಿ ಬಡಿಗೆ ಹಿಡಿದು ಹೊರಗೆ ಬಂತು. ಕಟ್ಟೆಯ ಮುಂದೆ ಗ್ಯಾಸಿನವನು ಸಿಲಿಂಡರನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದ. ತಲೆಯ ಮೇಲೆ ಹೊಸ ಹೆಲ್ಮೆಟ್.

"ತೆಗೀಲೇ ಅದನ್ನ!" ಎಂದರು ಮಾಲಕರು.

"ಕಂಪನಿ ಕೊಟ್ಟೈತ್ರಿ," ಎಂದ ಅವನು ಅಳುವ ದನಿಯಲ್ಲಿ.

ನಡುವೆ ನಿಂತು ಪಟ್ಟಿ ಬಿದ್ದ ಬಟ್ಟೆಯನ್ನು ಮಾಲಕರು ಆ ಸಂಜೆ ತಂದು ಕಾಕುವಿಗೆ ತೋರಿಸಿದರು. ಕಾಕು ಬೆರಳಿನಿಂದ ಮುಟ್ಟಿ ನೋಡಿ, "ಚಂದ ಕಾಣತೈತಿ," ಎಂದರು. ಜನ ಬಂದದ್ದನ್ನು ಮಗ ತಾನೇ ನೋಡಿದ್ದ. ಆಮೇಲೆ ದಾನೋಳಿಯ ಮಾತು ಎತ್ತಲಿಲ್ಲ. ಕಾಕು ಮತ್ತೆ ಕಟ್ಟೆಗೆ ಬಂದರು. ನಾನು ಮಾತ್ರ ಗಂಟೆಗೊಮ್ಮೆ ಏಳುವುದು ತಪ್ಪಲಿಲ್ಲ. ಈಗ ಲೂಮು ನಿಂತರೆ ಎಂಬ ಚಿಂತೆಯೂ ಸೇರಿತ್ತು.

ಒಂದು ಗುರುವಾರ ಬೆಳಿಗ್ಗೆ ಹಾಲಿನವನು ಕರೆಗಂಟೆ ಒತ್ತಿದಾಗ ಎದ್ದು ಕೆಳಗೆ ಹೋದೆ. ಕಾಕು ಆಗಲೇ ಕಟ್ಟೆಯ ಮೇಲಿದ್ದರು. ಉಳಿದ ಗುಂಡುಗಳನ್ನು ಕರಿಮಣಿಯ ಜೊತೆ ಪೋಣಿಸಿ ಹಾಕಿಕೊಂಡಿದ್ದರು. ನನ್ನ ಕಿವಿಗೆ ಬಾಯಿ ತಂದರು.

"ರಾತ್ರಿ ಎಲ್ಲಿದ್ದಿ?"

"ಯಾಕ್ರಿ?"

"ಎರಡಕ್ಕ ಲೈಟ ಹೋಗಿ ಲೂಮ ನಿಂತ್ವು. ಗಲ್ಲಿಗೆ ಗಲ್ಲಿನ ಬಡಿಗಿ ಹಿಡಕೊಂಡು ಹೊರಗ ಬಂದಿತ್ತು. ಮಾಲಕ ಬರೇ ಚಡ್ಡಿ ಮ್ಯಾಲ ಬಂದಿದ್ದ. ನೀ ಒಬ್ಬಾಕಿನ ಬರಲಿಲ್ಲ ನೋಡು."

ನಾನು ಲೆಕ್ಕ ಹಾಕಿದೆ. ಹತ್ತಕ್ಕೆ ಮಲಗಿದ್ದೆ. ಈಗ ಆರೂವರೆ. ನಡುವೆ ಒಮ್ಮೆಯೂ ಎದ್ದ ನೆನಪಿರಲಿಲ್ಲ.

"ಮಲಗಿದ್ನಿ ಕಾಕು," ಎಂದೆ.

ಕಾಕು ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿದರು.

"ಚಲೋ ಆತು," ಎಂದರು. "ಕಳ್ಳ ಬಂದ್ರ ಬಂದು ಎಬ್ಬಸ್ತೇನಿ."