ಚಿಕ್ಕಮ್ಮ ಲೆನ್ಸ್ ಆರಿಸಿದ ಬಗೆ

ಆ ಕನ್ನಡಕದಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಗೋಡೆ ಗಡಿಯಾರ ಕೊಡುವುದು ವಾಡಿಕೆ. ವಾಡಿಕೆಯೆಂದರೂ ಅಲ್ಲಿಯವರೆಗೆ ಅಷ್ಟು ವರ್ಷ ತಾಳಿದವರು ಒಬ್ಬರೇ. ಎರಡನೆಯವರು ಚಿಕ್ಕಮ್ಮ. ಈಗಿನ ಯಜಮಾನ ಚಿಕ್ಕವನಿದ್ದಾಗ ಅವರ ಮೇಜಿನ ಕೆಳಗೆ ಕೂತು ಮುರಿದ ಫ್ರೇಮುಗಳಲ್ಲಿ ಆಡುತ್ತ ಅವರನ್ನು ಚಿಕ್ಕಮ್ಮ ಎಂದು ಕರೆದ. ಆಮೇಲೆ ಬೀದಿಯೆಲ್ಲ ಹಾಗೆಯೇ ಕರೆಯಿತು.

ಗಡಿಯಾರದ ಮಾತು ಬಂದಾಗ ಚಿಕ್ಕಮ್ಮ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಮೂವತ್ತು ವರ್ಷ ಇಲ್ಲಿ ಗಡಿಯಾರಾನೇ ನೋಡಿದ್ದೀನಿ, ಇನ್ನು ಮನೇಲೂ ಅದನ್ನೇ ನೋಡ್ಲಾ? ಕೊಡೋದಾದ್ರೆ ಒಂದು ಕ್ಯಾಮೆರಾ ಕೊಡು."

ಯಜಮಾನ ನಕ್ಕು ಕೊಡಿಸಿಯೇಬಿಟ್ಟ. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ, ಲೆನ್ಸ್ ಬದಲಾಯಿಸಬಹುದಾದ ಕರಿ ಕ್ಯಾಮೆರಾ. ಜೊತೆಗೊಂದು ಸಾಧಾರಣ ಲೆನ್ಸ್ ಇತ್ತು. ಚಿಕ್ಕಮ್ಮ ಅದನ್ನು ಬಿಚ್ಚಿ, ಎರಡು ಕಡೆಯಿಂದಲೂ ನೋಡಿ, ಗಾಜು ಪರವಾಗಿಲ್ಲ ಎಂದು ತೀರ್ಪು ಕೊಟ್ಟರು.

ಅದಾದ ಎರಡು ತಿಂಗಳಿಗೆ ಅಂಗಡಿಗೆ ಹೊಸ ಬಣ್ಣ ಬಳಿಯುವುದು ನಿಶ್ಚಯವಾಯಿತು. ದೊಡ್ಡ ಗೋಡೆಯ ಮೇಲೆ ಹತ್ತಾರು ವರ್ಷದಿಂದ ನೇತಾಡುತ್ತಿದ್ದ ಪೋಸ್ಟರುಗಳನ್ನು ಕಿತ್ತುಹಾಕಿದರು. ಬಿಸಿಲು ಕಾಣದ ಅಂಗಡಿಯಲ್ಲೂ ಆ ಸುಂದರ ಮುಖಗಳು ಅದು ಹೇಗೋ ನೀಲಿಗಟ್ಟಿದ್ದವು. ಯಜಮಾನ ಫ್ರೇಮು ಕಂಪನಿಗೆ ಹೇಳಿ ಹನ್ನೆರಡು ಹೊಸ ಪೋಸ್ಟರು ತರಿಸುತ್ತೇನೆಂದ. ಅಂಗಡಿ ತುಂಬ ಗಿರಾಕಿಗಳಿದ್ದರು. ಚಿಕ್ಕಮ್ಮ ಪರದೆಯ ಹಿಂದಿನಿಂದ ಹೊರಗೆ ಬಂದರು.

"ಆ ಹುಡುಗಿಯರ ಕನ್ನಡಕದಲ್ಲಿ ಪವರೇ ಇರಲ್ಲ. ಬರೀ ಗಾಜು. ಕಣ್ಣು ಚೆನ್ನಾಗಿರೋರು ಕನ್ನಡಕ ಹಾಕ್ಕೊಂಡು ನಗೋದು ಯಾವ ಹೆಚ್ಚುಗಾರಿಕೆ? ನಮ್ಮ ಗಿರಾಕಿಗಳದ್ದೇ ಹಾಕು. ಹನ್ನೆರಡು ಜನರದ್ದು ನಾನು ತೆಗೀತೀನಿ."

ಆಡಿದ ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಕೇಳಿದವರಲ್ಲಿ ಬೇಕರಿಯವನಿದ್ದ, ಪೋಸ್ಟ್ ಹಂಚುವವಳಿದ್ದಳು, ಎದುರು ಮಳಿಗೆಯ ದರ್ಜಿ ಇದ್ದ. ನಮ್ಮದನ್ನೂ ತೆಗೆಯಿರಿ ಎಂದು ಅವರೆಲ್ಲ ಹೆಸರು ಬರೆಸಿಯೂ ಬಿಟ್ಟರು. ಮುಂದಿನ ಸೋಮವಾರಕ್ಕೆ ಗೋಡೆಯ ಬಣ್ಣ ಒಣಗಿರುತ್ತದೆ, ಅಷ್ಟರೊಳಗೆ ಚಿತ್ರಗಳು ಕೈಗೆ ಬರದಿದ್ದರೆ ಪೋಸ್ಟರು ತರಿಸುವುದೇ ಸರಿ ಎಂದು ಯಜಮಾನ ಹೇಳಿದ. ಉಳಿದದ್ದು ಒಂದೇ ವಾರ. ಮೂವತ್ತು ವರ್ಷ ಪರದೆಯ ಹಿಂದೆ ಕೂತು ಊರಿನ ಮೂಗುಗಳ ಮೇಲೆ ಕನ್ನಡಕ ಕೂರಿಸಿದವರಿಗೆ ಆ ಗೋಡೆಯೊಂದೇ ಪರದೆಯ ಈಚೆಯ ಜಾಗ. ಅದು ತಪ್ಪಿದರೆ ಬೀದಿಗೆಲ್ಲ ನಗಲು ಒಂದು ವಿಷಯ ಸಿಕ್ಕಂತೆ.

ಮರುದಿನವೇ ಅವರು ಕ್ಯಾಮೆರಾ ಸಾಮಾನಿನ ಅಂಗಡಿಗೆ ಹೋದರು. ಜೊತೆಗೆ ಬಂದ ಲೆನ್ಸಿನಲ್ಲಿ ಮುಖದ ಹತ್ತಿರ ಹೋಗಿ ತೆಗೆದರೆ ಮೂಗು ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿತ್ತು. ಕನ್ನಡಕ ಕೂರುವ ಜಾಗದ ವಿಷಯದಲ್ಲಿ ಚಿಕ್ಕಮ್ಮನಿಗೆ ರಾಜಿಯಿಲ್ಲ.

ಮಾರಾಟಗಾರ ನಲವತ್ತೈದರ ಆಸುಪಾಸಿನವನು, ಮಾತಿನ ಮಲ್ಲ. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಕೌಂಟರಿನ ಮೇಲೆ ಬ್ಯಾಗು, ಟ್ರೈಪಾಡು, ಎರಡನೆಯ ಬ್ಯಾಟರಿ, ಮೂರು ಫಿಲ್ಟರು, ಹನ್ನೆರಡು ಸಾಮಾನಿನ ಒರೆಸುವ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಜೋಡಿಸಿದ. ಚಿಕ್ಕಮ್ಮ ಟ್ರೈಪಾಡಿನ ತಲೆಯನ್ನು ಒಂದು ಬೆರಳಿನಿಂದ ಮುಟ್ಟಿದರು. ಅದು ಜ್ವರ ಬಂದವರ ಹಾಗೆ ನಡುಗಿತು. ಒರೆಸುವ ಪೆಟ್ಟಿಗೆಗೆ ಉತ್ತರವಾಗಿ ತಮ್ಮ ಜೇಬಿನಿಂದ ಬಟ್ಟೆ ತೆಗೆದು ತೋರಿಸಿದರು. ಗಾಜು ಒರೆಸುವ ಬಟ್ಟೆಯನ್ನು ಅವರಿಗೆ ಮಾರಲು ಹೊರಟದ್ದು ಮೀನಿಗೆ ನೀರು ಮಾರಿದಂತಾಯಿತು. ಬ್ಯಾಟರಿಯನ್ನು ಮಾತ್ರ ತೆಗೆದಿಟ್ಟುಕೊಂಡರು. ಅವನು ಸೋಲದೆ ಮೊಳದುದ್ದದ ಜೂಮ್ ಲೆನ್ಸ್ ಎತ್ತಿಕೊಂಡ.

"ಮೇಡಂ, ಇದ್ರಲ್ಲಿ ಆಕಾಶದಲ್ಲಿ ಹಾರೋ ಹದ್ದಿನ ಕಣ್ಣು ಕಾಣುತ್ತೆ."

"ಹದ್ದಿಗೆ ಕನ್ನಡಕ ಬೇಕಾಗಲ್ಲಪ್ಪ. ನನಗಿರೋದು ಹನ್ನೊಂದು ಅಡಿ ಜಾಗ, ಕೂರೋರು ಮನುಷ್ಯರು. ಅದಕ್ಕೆ ತಕ್ಕದ್ದು ಕೊಡಿ."

ಆಮೇಲೆ ಅವರು ಇಟ್ಟ ಷರತ್ತನ್ನು ಆ ಅಂಗಡಿಯಲ್ಲಿ ಯಾವ ಗಿರಾಕಿಯೂ ಇಟ್ಟಿರಲಿಲ್ಲ. ಕಣ್ಣು ಪರೀಕ್ಷೆಯಲ್ಲಿ ಗಾಜಿನ ನಂಬರು ಹೇಳುವ ಪದ್ಧತಿಯಿಲ್ಲ. ಒಂದನ್ನು ಹಾಕಿ, ತೆಗೆದು, ಇನ್ನೊಂದನ್ನು ಹಾಕಿ, ಮೊದಲನೆಯದು ಚೆನ್ನಾಗಿದೆಯೋ ಎರಡನೆಯದೋ ಎಂದಷ್ಟೇ ಕೇಳುವುದು. ನಂಬರು ಗೊತ್ತಾದರೆ ಜನ ಕಣ್ಣಿನಿಂದ ನೋಡದೆ ತಮ್ಮ ಪ್ರತಿಷ್ಠೆಯಿಂದ ನೋಡುತ್ತಾರೆ. ಲೆನ್ಸುಗಳಿಗೂ ಅದೇ ಪದ್ಧತಿ ಎಂದರು. ಹೆಸರು, ಬೆಲೆ ಎಲ್ಲಕ್ಕೂ ಕಾಗದ ಅಂಟಿಸಿ ಎರಡು ಹೊಸ ಲೆನ್ಸ್ ಕೊಡಬೇಕು. ಅವನ್ನು ಒಂದು, ಎರಡು ಎಂದಷ್ಟೇ ಕರೆಯುವುದು. ಎದುರಿಗೆ ಅವನೇ ಕೂರಬೇಕು. ಅವನೂ ಕನ್ನಡಕಧಾರಿಯಾದ್ದರಿಂದ ಬೇರೆ ಮುಖ ಹುಡುಕಬೇಕಾಗಿರಲಿಲ್ಲ.

ಅವನ ಕನ್ನಡಕವೋ, ನೋಡಿದರೆ ಅಯ್ಯೋ ಅನಿಸುವಂಥದ್ದು. ಅದರ ಮೇಲೆ ಎಂದೋ ಕೂತುಬಿಟ್ಟಿದ್ದನಂತೆ. ಕಡ್ಡಿಗಳೆರಡೂ ಕಿವಿಯಿಂದ ಬೆರಳಿನಗಲ ಮೇಲೆದ್ದು ಕೂದಲಿಗೆ ಸಿಕ್ಕಿಕೊಂಡಿದ್ದವು, ಗಾಜು ನೆಲ ನೋಡುತ್ತಿತ್ತು. ಅರ್ಧ ಲೋಕವನ್ನು ಗಾಜಿನ ಮೂಲಕವೂ ಉಳಿದರ್ಧವನ್ನು ಗಾಜಿನ ಮೇಲಿನಿಂದಲೂ ನೋಡಿಕೊಂಡು ಅವನು ಸಂಸಾರ ನಡೆಸುತ್ತಿದ್ದ.

ಒಂದನೆಯ ಲೆನ್ಸ್ ಹಾಕಿ, ಕ್ಯಾಮೆರಾದ ನೆತ್ತಿಯ ಫ್ಲ್ಯಾಶ್ ಎಬ್ಬಿಸಿ, ಚಿಕ್ಕಮ್ಮ ಕ್ಲಿಕ್ ಮಾಡಿದರು. ಮೂಗು ಮೂಗಿನ ಜಾಗದಲ್ಲೇ ಇತ್ತು, ಕಣ್ಣು ರೆಪ್ಪೆಯ ಸಮೇತ ಕಾಣುತ್ತಿತ್ತು. ಎರಡನೆಯ ಲೆನ್ಸ್ ಹಾಕುವಷ್ಟರಲ್ಲಿ ಅವರ ಸಹನೆ ಮುಗಿಯಿತು. ಕೈ ಚಾಚಿ ಅವನ ಮುಖದ ಮೇಲಿಂದ ಕನ್ನಡಕ ತೆಗೆದು, ಚೀಲದಿಂದ ಪುಟ್ಟ ಇಕ್ಕಳ ತೆಗೆದು, ಎರಡು ನಿಮಿಷದಲ್ಲಿ ಕಡ್ಡಿ ಬಗ್ಗಿಸಿ, ಒರೆಸಿ, ತಿರುಗಿ ಕೂರಿಸಿದರು. ಕಡ್ಡಿ ಕಿವಿಯ ಮೇಲೆ ಮಲಗಿತು, ಗಾಜು ಕಣ್ಣಿಗೆ ನೇರವಾಗಿ ನಿಂತಿತು. ಆಮೇಲೆ ಎರಡನೆಯ ಲೆನ್ಸಿನಿಂದ ಕ್ಲಿಕ್ ಮಾಡಿದರು. ಕಣ್ಣಿನ ಜಾಗದಲ್ಲಿ ಎರಡು ಬಿಳಿ ತಟ್ಟೆ.

"ಒಂದನೇದು. ಎರಡನೇದು ಹೊಳಪು ಹೊಡೆಯುತ್ತೆ, ಬೇಡ."

ಕಾಗದ ಕಿತ್ತು ನೋಡಿದರೆ ಒಂದನೆಯದು ಆ ಕಪಾಟಿನಲ್ಲೇ ಅಗ್ಗದ, ಜೂಮ್ ಇಲ್ಲದ, ಅಂಗೈಯಲ್ಲಿ ಮುಚ್ಚಿಹೋಗುವ ಲೆನ್ಸ್. ಎರಡನೆಯದು ಅದರ ನಾಲ್ಕು ಪಟ್ಟು ಬೆಲೆಯದು. ಬೇರೆ ದಿನವಾಗಿದ್ದರೆ ಮಾರಾಟಗಾರ ವಾದಕ್ಕೆ ನಿಲ್ಲುತ್ತಿದ್ದ. ಅಂದು ಮಾತ್ರ ಅವನು ಅವರ ಮಾತನ್ನು ಕೇಳಿಸಿಕೊಂಡಂತೆಯೇ ಇರಲಿಲ್ಲ. ತನ್ನ ಅಂಗಡಿಯ ಕಪಾಟುಗಳನ್ನು ಮೊದಲ ಸಲ ನೋಡುವವನಂತೆ ಒಂದೊಂದಾಗಿ ಓದುತ್ತ ನಿಂತಿದ್ದ.

ಬುಧವಾರದಿಂದ ಗಿರಾಕಿಗಳು ಬಂದು ಕೂರತೊಡಗಿದರು. ಮೊದಲು ಬಂದವನು ಬೇಕರಿಯವನು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು. ಚಿಕ್ಕಮ್ಮ ಅವನ ಕನ್ನಡಕವನ್ನು ಒರೆಸಿದರು, ಸ್ಕ್ರೂ ಬಿಗಿ ಮಾಡಿದರು, ಕೂದಲೆಳೆಯಷ್ಟೂ ವಾಲದಂತೆ ಕೂರಿಸಿದರು, ಕ್ಲಿಕ್ ಮಾಡಿದರು. ಎರಡು ಬಿಳಿ ತಟ್ಟೆ. ಪೋಸ್ಟ್ ಹಂಚುವವಳಿಗೂ ತಟ್ಟೆ, ದರ್ಜಿಗೂ ತಟ್ಟೆ. ಫ್ಲ್ಯಾಶ್ ಮುಚ್ಚಿದರೆ ಚಾವಣಿಯ ಟ್ಯೂಬ್‌ಲೈಟುಗಳು ಗಾಜಿನ ಮೇಲೆ ಅಡ್ಡಗೆರೆ ಎಳೆಯುತ್ತಿದ್ದವು. ಅವನ್ನೂ ಆರಿಸಿದರೆ ಚಿತ್ರ ಮಸುಕು. ಮಸುಕಿನ ವಿರುದ್ಧವೇ ಬದುಕು ಸವೆಸಿದವರಿಗೆ ಅದು ಒಪ್ಪಿಗೆಯಾಗುವ ಮಾತಲ್ಲ.

ಮಾರಾಟಗಾರನಿಗೆ ಫೋನ್ ಮಾಡಿದರೆ ಹೊಳಪು ತಡೆಯುವ ಫಿಲ್ಟರ್ ತೆಗೆದುಕೊಳ್ಳಿ ಎಂದ. ಅಂಥ ಗಾಜಿನ ತಂಪು ಕನ್ನಡಕಗಳನ್ನು ಅವರೇ ದಿನವೂ ಮಾರುತ್ತಾರೆ. ಓರೆಯಾಗಿ ಬರುವ ಹೊಳಪಿಗಷ್ಟೇ ಅದು ಮದ್ದು, ನೇರ ಹೊಡೆದದ್ದಕ್ಕಲ್ಲ ಎಂದು ಅವನಿಗೇ ಪಾಠ ಹೇಳಿ ಫೋನ್ ಇಟ್ಟರು. ಯಜಮಾನ ಇನ್ನೊಂದು ಉಪಾಯ ಹೇಳಿದ: ಗಾಜನ್ನೇ ತೆಗೆದು ಬರೀ ಫ್ರೇಮು ಹಾಕಿಸಿದರಾಯಿತು. ಬಸ್ಸಿನ ಡ್ರೈವರನ ಮೇಲೆ ಅದನ್ನೂ ಮಾಡಿ ನೋಡಿದ್ದಾಯಿತು. ಗಾಜಿಲ್ಲದೆ ಅವನಿಗೆ ಕ್ಯಾಮೆರಾ ಯಾವುದು, ಚಿಕ್ಕಮ್ಮ ಯಾರು ಎಂದೇ ತಿಳಿಯಲಿಲ್ಲ. ಚಿತ್ರದಲ್ಲಿ ಅವನು ಬಿದ್ದುಹೋದ ಸೂಜಿ ಹುಡುಕುವವನಂತೆ ಬಂದಿದ್ದ. ಆ ಚಿತ್ರ ಗೋಡೆಗೆ ಬಂದರೆ ಇವನ ಬಸ್ಸು ಯಾರು ಹತ್ತುತ್ತಾರೆ ಎಂದು ದರ್ಜಿ ಕೇಳಿದ. ಚಿಕ್ಕಮ್ಮ ನಗಲಿಲ್ಲ. ಗಾಜಿಲ್ಲದ ಕನ್ನಡಕವೂ ಪವರಿಲ್ಲದ ಕನ್ನಡಕವೂ ಒಂದೇ ಸುಳ್ಳು ಎಂದು ಅವರಿಗೆ ಗೊತ್ತಿತ್ತು.

ಶನಿವಾರದ ಹೊತ್ತಿಗೆ ಹನ್ನೆರಡು ಜನರಲ್ಲಿ ಹನ್ನೊಂದು ಜನ ಕೂತು ಎದ್ದಿದ್ದರು. ಕ್ಯಾಮೆರಾದ ಕಾರ್ಡಿನಲ್ಲಿ ಅವರವೇ ಇಪ್ಪತ್ತೆರಡು ತಟ್ಟೆಗಳಿದ್ದವು. ಬೆಳಿಗ್ಗೆ ಯಜಮಾನ ಮುಖ ನೋಡದೆ ಹೇಳಿದ, ಪೋಸ್ಟರಿನ ವಿಷಯ ಫ್ರೇಮು ಕಂಪನಿಯವರಿಗೆ ಸೋಮವಾರ ಬೆಳಿಗ್ಗೆ ಉತ್ತರ ಕೊಡಬೇಕು ಚಿಕ್ಕಮ್ಮ, ಎಂದು.

ಚಿಕ್ಕಮ್ಮನ ಮನೆಯಲ್ಲಿ ಅವರ ಅಕ್ಕ ಇದ್ದಾರೆ. ಶಾಲೆಯಲ್ಲಿ ಮೂರು ತಲೆಮಾರಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ದಪ್ಪ ಗಾಜಿನವರು, ಹರಿತ ನಾಲಿಗೆಯವರು. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಕ್ಯಾಮೆರಾದ ಬೆನ್ನಿನ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದರು. ಬಂದವರಿಗೆಲ್ಲ ತಟ್ಟೆ ಹಂಚಿದ್ದೀಯ, ಊಟ ಯಾವಾಗ ಎಂದು ಕೇಳಿದರು. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತಿದ್ದರು. ಇನ್ನೂ ಹಿಂದಕ್ಕೆ ಹೋದ ಅಕ್ಕ ಒಂದು ಕಡೆ ನಿಂತರು.

"ಇವನ್ಯಾರೇ? ಇವನ ಕಣ್ಣು ಚೆನ್ನಾಗಿ ಕಾಣುತ್ತಲ್ಲ."

"ಕ್ಯಾಮೆರಾ ಅಂಗಡಿಯವ್ನು. ಅಲ್ಲಿ ನೋಡಿಯೇ ಈ ಲೆನ್ಸ್ ತಗೊಂಡಿದ್ದು. ಅವನಂಗಡೀಲಿ ಸರಿಯಾಗಿತ್ತು, ನಮ್ಮಂಗಡಿಗೆ ಬಂದ್ಮೇಲೆ ಕೆಟ್ಟಿದೆ."

"ಮುಂದಿನ ಚಿತ್ರದಲ್ಲಿ ಅವನಿಗೂ ತಟ್ಟೆ. ಮಧ್ಯೆ ಏನು ಮಾಡಿದೆ?"

"ಲೆನ್ಸ್ ಬದಲಾಯಿಸಿದೆ."

"ಅಷ್ಟೇನಾ?"

ಚಾಕು ನಿಂತಿತು.

"ಅವನ ಕನ್ನಡಕ ಸರಿ ಮಾಡಿದೆ."

"ಎರಡು ಬದಲಾಯಿಸಿ ಒಂದರ ಮೇಲೆ ಗೂಬೆ ಕೂರಿಸಿದ್ದೀಯ. ನಾಲ್ಕನೇ ಕ್ಲಾಸಿನವರನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ, ಇಂಥದ್ದಕ್ಕೆ."

ಚಿಕ್ಕಮ್ಮ ಕೈ ತೊಳೆದು ಬಂದರು. ಅಕ್ಕನ ಕನ್ನಡಕವನ್ನು ತಾವೇ ಕಳೆದ ವಾರ ನೇರ ಮಾಡಿದ್ದರು. ಅದರ ಕಡ್ಡಿಗಳನ್ನು ಹಿಡಿದು ಕಿವಿಯಿಂದ ಬೆರಳಿನಗಲ ಮೇಲಕ್ಕೆತ್ತಿದರು. ಗಾಜು ನೆಲದ ಕಡೆ ಬಾಗಿತು. ಫ್ಲ್ಯಾಶ್ ಬೆಳಗಿತು. ಪರದೆಯ ಮೇಲೆ ಅಕ್ಕನ ಎರಡೂ ಕಣ್ಣುಗಳು ತಮ್ಮ ಪೂರ್ತಿ ಕೊಂಕಿನೊಂದಿಗೆ ಬಂದು ಕೂತವು. ಕಡ್ಡಿ ಕಿವಿಯ ಮೇಲಿಟ್ಟು ಇನ್ನೊಂದು ತೆಗೆದರು: ತಟ್ಟೆ. ಮತ್ತೆ ಎತ್ತಿದರು: ಕಣ್ಣು. ಲೆನ್ಸಿನದು ಏನೂ ತಪ್ಪಿರಲಿಲ್ಲ. ನೇರ ನಿಂತ ಗಾಜು ಬೆಳಕನ್ನು ನೇರವಾಗಿ ಕ್ಯಾಮೆರಾಕ್ಕೇ ವಾಪಸು ಕೊಡುತ್ತಿತ್ತು, ಬಾಗಿದ್ದು ನೆಲಕ್ಕೆ ಚೆಲ್ಲುತ್ತಿತ್ತು. ಹನ್ನೊಂದು ಜನರ ಮುಖದ ಮೇಲೆ ಆ ಕನ್ನಡಕಗಳನ್ನು ಅಷ್ಟು ನೇರವಾಗಿ ಕೂರಿಸಿದ ಕೈ ಯಾವುದೆಂದು ಬೇರೆ ಹೇಳಬೇಕಾಗಿರಲಿಲ್ಲ.

"ಅಂದ್ರೆ ಚಿತ್ರ ಚೆನ್ನಾಗಿ ಬರ್ಬೇಕಾದ್ರೆ ನಾನು ಕೆಟ್ಟ ಕೆಲಸ ಮಾಡ್ಬೇಕು," ಎಂದರು ಚಿಕ್ಕಮ್ಮ.

"ಒಂದು ದಿನ ಮಾಡು. ಸಾಯಲ್ಲ," ಎಂದರು ಅಕ್ಕ.

ಭಾನುವಾರ ಅಂಗಡಿಗೆ ರಜೆ. ಬಾಗಿಲು ಅರ್ಧ ತೆರೆದು ಎಲ್ಲರನ್ನೂ ಮತ್ತೆ ಕರೆಸಿದರು. ಬೇಕರಿಯವನು ಇದು ಎರಡನೆಯ ಸಲದ ಎಣ್ಣೆ ಎಂದು ಗೊಣಗಿದ. ಒಬ್ಬೊಬ್ಬರ ಕಡ್ಡಿಯನ್ನು ಎತ್ತುವಾಗಲೂ ಚಿಕ್ಕಮ್ಮನ ಕೈ ಒಮ್ಮೆ ಹಿಂಜರಿಯುತ್ತಿತ್ತು; ಕ್ಲಿಕ್ ಆದ ಮರುಗಳಿಗೆ ಅದನ್ನು ಇಳಿಸಿ ನೇರ ಮಾಡಿದ ಮೇಲೆಯೇ ಅವರನ್ನು ಕುರ್ಚಿಯಿಂದ ಏಳಲು ಬಿಟ್ಟರು. ಡ್ರೈವರ್ ಈ ಸಲ ಗಾಜಿನ ಸಮೇತ ಕೂತು, ದೂರದ ನಿಲ್ದಾಣ ನೋಡುವವನಂತೆ ಗಂಭೀರವಾಗಿ ಬಂದ. ಹನ್ನೆರಡನೆಯವರು, ಬ್ಯಾಂಕಿನ ಹೆಂಗಸು, ಊರಲ್ಲಿರಲಿಲ್ಲ. ಚಿಕ್ಕಮ್ಮ ಸ್ವಲ್ಪ ಯೋಚಿಸಿ ಮಾರಾಟಗಾರನಿಗೆ ಫೋನ್ ಮಾಡಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಿಬಂದ. ಕಡ್ಡಿ ಎತ್ತಿದಾಗ ಕನ್ನಡಿ ನೋಡಿಕೊಂಡು ಸಪ್ಪಗಾದ.

"ಮೇಡಂ, ಇದು ಮೊದಲಿನ ಥರಾನೇ ಆಯ್ತಲ್ಲ."

"ಹೌದು. ಹಾಗಿದ್ದಾಗಲೇ ನೀವು ಚೆನ್ನಾಗಿ ಬಂದಿದ್ದು. ಸುಮ್ನೆ ಕೂತ್ಕೊಳ್ಳಿ."

ಸಂಜೆಗೆ ಸ್ಟುಡಿಯೋದಿಂದ ಹನ್ನೆರಡು ಚಿತ್ರ ಮೊಳದಗಲಕ್ಕೆ ಅಚ್ಚಾಗಿ ಬಂದವು. ಸೋಮವಾರ ಬೆಳಿಗ್ಗೆ ಯಜಮಾನ ಅವನ್ನು ಒಂದೊಂದಾಗಿ ಹರಡಿ ನೋಡಿ, ಪೋಸ್ಟರಿನವರಿಗೆ ಬೇಡ ಎಂದು ಹೇಳಿ, ತಾನೇ ಏಣಿ ಹತ್ತಿ ಮೊಳೆ ಹೊಡೆದ. ಬೀದಿಯವರೆಲ್ಲ ಬಂದು ತಮ್ಮ ಕಣ್ಣುಗಳನ್ನು ತಾವೇ ನೋಡಿಕೊಂಡು ಹೋದರು. ಇಷ್ಟು ದೊಡ್ಡ ಕಣ್ಣು ತನಗಿರುವುದು ಮನೆಯವಳಿಗೆ ಗೊತ್ತೇ ಇರಲಿಲ್ಲ ಎಂದ ದರ್ಜಿ.

ಚಿಕ್ಕಮ್ಮ ಮಾತ್ರ ಅದೇ ದಿನ ಪರದೆಯ ಹಿಂದಿನ ತಮ್ಮ ಮೇಜನ್ನು ಅರ್ಧ ಸುತ್ತು ತಿರುಗಿಸಿ ಹಾಕಿಸಿಕೊಂಡರು, ಪರದೆ ಸರಿದಾಗಲೂ ಗೋಡೆ ಬೆನ್ನಿಗೆ ಬರುವಂತೆ. ಹನ್ನೆರಡು ಸೊಟ್ಟ ಕನ್ನಡಕಗಳನ್ನು ದಿನವಿಡೀ ಎದುರಿಗಿಟ್ಟುಕೊಂಡು ಕೆಲಸ ಮಾಡುವುದು ಅವರಿಂದಾಗದು. ಆ ಸೊಟ್ಟ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಹೊಸ ಗಿರಾಕಿಯೊಬ್ಬರು, ದಢೂತಿ ವಕೀಲರು, ಹೊಸ ಕನ್ನಡಕ ಕೂರಿಸಿಕೊಳ್ಳಲು ಬಂದರು. ಗೋಡೆಯ ಮೇಲಿನ ಮಾರಾಟಗಾರನ ಚಿತ್ರದತ್ತ ಬೆರಳು ತೋರಿಸಿ, ತಮಗೂ ಹೀಗೇ, ಇದೇ ಗತ್ತಿನಲ್ಲಿ ಕೂರಿಸಿಕೊಡಬೇಕೆಂದು ಹಟ ಹಿಡಿದರು.

"ಅದು ನಿಮ್ಮನ್ನ ಬೇರೆಯೋರು ನೋಡೋಕೆ," ಎಂದರು ಚಿಕ್ಕಮ್ಮ, ಇಕ್ಕಳ ಕೈಗೆತ್ತಿಕೊಳ್ಳುತ್ತ. "ನೀವು ನೋಡೋಕೆ ಬೇರೆ ಥರ ಇರುತ್ತೆ. ತಲೆ ಅಲ್ಲಾಡಿಸ್ಬೇಡಿ."

ವಕೀಲರು ತಲೆ ಅಲ್ಲಾಡಿಸಲಿಲ್ಲ.