ಎಡಗೈಗೆ ಸುತ್ತಿದ ಹಗ್ಗ

ಮಂಜಲ್‌ಪುರದ ಆ ನರ್ಸಿಂಗ್ ಹೋಮಿಗೆ ರೋಗಿಗಳ ಮನಸ್ಸು ಹಗುರಾಗಲೆಂದು ತಮ್ಮ ಸಾಕುನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದವರು ನಮ್ಮ ಕೆಳಗಿನ ಮನೆಯವರು. ಹುಬ್ಬಳ್ಳಿ ಕಡೆಯ ಹೆಂಗಸು, ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಬ್ಯಾಂಕಿನ ವರ್ಗಾವಣೆ ಮೇಲೆ ವಡೋದರಕ್ಕೆ ಬಂದ ನನಗೆ ಭಾನುವಾರ ಬೆಳಿಗ್ಗೆ ಮಾಡಲು ಬೇರೇನೂ ಇರಲಿಲ್ಲ. ಅವರೊಡನೆ ಹೋಗತೊಡಗಿದೆ. ನಾಯಿ ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ರೋಗಿಗಳ ಕೈಗೆ ಸ್ಯಾನಿಟೈಸರ್ ಹಾಕುವುದು, ಯಾರಿಗೆ ನಾಯಿ ಬೇಡವೋ ಅವರ ಮಂಚದಿಂದ ಅದನ್ನು ದೂರ ಇಡುವುದು, ಇಷ್ಟೇ ನನ್ನ ಕೆಲಸ.

ನಾಯಿಗೆ ಯಾವಾಗಲೂ ಎರಡು ಹಗ್ಗ. ಒಂದು ರೋಗಿಯ ಸಂತೋಷಕ್ಕೆ ಅವರ ಕೈಯಲ್ಲಿ. ಇನ್ನೊಂದು ನಾಯಿಯ ಒಡತಿಯ ಕೈಯಲ್ಲಿ, ನಾಯಿಯ ಪಕ್ಕದಲ್ಲೇ, ಬಿಗಿಯಾಗಿ. ನಾಯಿಯನ್ನು ನಿಜವಾಗಿ ಹಿಡಿದಿರುವುದು ಈ ಎರಡನೆಯ ಹಗ್ಗ.

ಅಲ್ಲಿ ಒಬ್ಬರು ಕಾಕಾ ಇದ್ದರು. ಎಲ್ಲರೂ ಹಾಗೇ ಕರೆಯುತ್ತಿದ್ದರು; ಅವರು ಕೆಳಗಿನ ಮನೆಯವರನ್ನು ಗುಜರಾತಿಯಲ್ಲಿ ಬೇನ್, ಅಂದರೆ ಅಕ್ಕ, ಎನ್ನುತ್ತಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಉಳಿದದ್ದು ಎಡಗೈ ಒಂದೇ. ಉಣ್ಣುವುದು, ಗಂಟೆ ಒತ್ತುವುದು, ಕನ್ನಡಕ ಏರಿಸುವುದು ಎಲ್ಲ ಅದರಲ್ಲೇ. ಯಾರಾದರೂ ತುತ್ತು ಹಿಡಿದರೆ ಬಾಯಿ ಮುಚ್ಚಿಬಿಡುತ್ತಾರೆ ಎಂದು ಆಯಾ ದೂರುತ್ತಿದ್ದಳು.

ಕಾಕಾ ಒಂದು ಕಾಲಕ್ಕೆ ಗಾಳಿಪಟ ಹಾರಿಸುವುದರಲ್ಲಿ ಎತ್ತಿದ ಕೈ. ಹಗ್ಗ ಕೈಗೆ ಬಂದರೆ ಅದನ್ನು ಗಾಳಿಪಟದ ದಾರದಂತೆ ಬೆರಳುಗಳಿಗೆ ಸುತ್ತಿಕೊಳ್ಳುತ್ತಿದ್ದರು. ಕೆಳಗಿನ ಮನೆಯವರು ಪ್ರತಿ ಸಲ ನಗುತ್ತಲೇ ಬಿಡಿಸುತ್ತಿದ್ದರು.

ಅದು ಸಂಕ್ರಾಂತಿಯ ಗಾಳಿಪಟದ ಹಬ್ಬವಾದ ಉತ್ತರಾಯಣಕ್ಕೆ ಮುಂಚಿನ ಭಾನುವಾರ. ಸುತ್ತಲ ತಾರಸಿಗಳಲ್ಲಿ ಆಗಲೇ ಪಟಗಳು ಎದ್ದಿದ್ದವು. ಕಾಕಾನ ಗಾಲಿಕುರ್ಚಿಯನ್ನು ಹೊರಗೆ ವರಾಂಡಕ್ಕೆ ತಂದು ಬ್ರೇಕ್ ಹಾಕಿದ್ದರು. ಎದುರಿಗೇ ಸ್ಟ್ರೆಚರ್ ಇಳಿಸುವ ಇಳಿಜಾರು, ಅದರ ಕೊನೆಗೆ ರಸ್ತೆ. ಕಾಕಾ ತಾವೂ ಪಟ ಹಾರಿಸಬೇಕು ಎಂದರು. ಪಟವೆಂದರೆ ನಾಯಿ, ದಾರವೆಂದರೆ ಅವರ ಕೈಯ ಹಗ್ಗ. ಇಲ್ಲಿ ಪಟ ಹಾರಿಸುವವನ ಬೆನ್ನಿಗೆ ಒಬ್ಬರು ಫಿರ್ಕಿ, ಅಂದರೆ ದಾರದ ಉರುಳೆ, ಹಿಡಿದು ನಿಲ್ಲುವುದು ರೂಢಿ. ಹಾಗೆ ಕೆಳಗಿನ ಮನೆಯವರು ತಮ್ಮ ಉದ್ದನೆಯ ಹಗ್ಗ ಹಿಡಿದು ಕುರ್ಚಿಯ ಹಿಂದೆ ನಿಲ್ಲಬೇಕು, ಕೇಳಿದಷ್ಟು ಸಡಿಲ ಬಿಡಬೇಕು ಎಂದು ಅಪ್ಪಣೆಯಾಯಿತು.

ಹಿಂದೆ ನಿಂತರೆ ನಾಯಿ ನಿಮ್ಮ ಕೈಯಳತೆಯಲ್ಲಿ ಇರುವುದಿಲ್ಲ ಎಂದೆ.

"ಅವರ ಮಾರಿ ನೋಡ್ರಿ ಒಮ್ಮೆ," ಎಂದರು ಅವರು. "ಹಬ್ಬದ ದಿನ ಮನಿಯವರು ಯಾರೂ ಬರಂಗಿಲ್ಲಂತ. ಐದು ನಿಮಿಷ ಆಡ್ಲಿ ಬಿಡ್ರಿ."

ನಾಯಿ ವರಾಂಡದ ಅಂಚಿನವರೆಗೆ ಹೋಯಿತು. ಕಾಕಾ ಎಳೆದರೆ ತಿರುಗಿ ಬಂತು. ಒಳಗಿನ ಅಜ್ಜಿಯರು ಕಿಟಕಿಗೆ ಬಂದು ಚಪ್ಪಾಳೆ ತಟ್ಟಿದರು. ಕಾಕಾ ಹುರುಪಿನಲ್ಲಿ ಹಿಂದಕ್ಕೆ ಕೂಗಿದರು: "ಬೇನ್, ನಿಮ್ಮೂರಲ್ಲಿ ಫಿರ್ಕಿ ಹಿಡಿಯೋದೂ ಕಲಿಸಲ್ವಾ? ಬಿಡಿ, ಬಿಡಿ, ಇನ್ನೂ ಬಿಡಿ." ಅವರು ನಗುತ್ತ ಬಿಟ್ಟರು. ಸಡಿಲ ಹಗ್ಗ ಅವರ ಕಾಲ ಬಳಿ ಸುರುಳಿಯಾಗಿ ಬಿದ್ದಿತ್ತು. ಕಾಕಾ ತಮ್ಮ ಹಗ್ಗವನ್ನು ಬೆರಳಿಗೆ ಸುತ್ತಿದ್ದು ಹಿಂದೆ ನಿಂತ ಅವರಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಹೇಳಲು ಬಾಯಿ ತೆರೆದೆ.

ಪಕ್ಕದ ತಾರಸಿಯವರು ಯಾರದೋ ಪಟದ ದಾರ ಕತ್ತರಿಸಿದರು. ಗೆದ್ದ ಖುಷಿಗೆ ಒಮ್ಮೆಲೇ ಹತ್ತಾರು ತುತ್ತೂರಿಗಳು ಮೊಳಗಿದವು. ನಾಯಿ ಬೆದರಿ ಇಳಿಜಾರಿನಲ್ಲಿ ಓಡಿತು, ರಸ್ತೆಯಾಚೆ ನಿಂತ ನಮ್ಮ ಕಾರಿನ ಕಡೆಗೆ.

ಕುರ್ಚಿ ಅಲ್ಲಾಡಲಿಲ್ಲ, ಬ್ರೇಕ್ ಹಿಡಿದಿತ್ತು. ಹಗ್ಗದ ಎಳೆತಕ್ಕೆ ಕಾಕಾ ಜಾರಿದರು. ಎಡತೋಳು ಮುಂದಕ್ಕೆ ಚಾಚಿ, ಸೊಂಟ ಸೀಟಿನ ಅಂಚಿಗೆ ಬಂತು. ನಾನು ಹಿಂದಿನಿಂದ ಅವರ ಎದೆಯನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದೆ. ಹಿಡಿದಷ್ಟೂ ಹಗ್ಗ ಬೆರಳುಗಳನ್ನು ಬಿಗಿಯುತ್ತಿತ್ತು. ಬೆರಳುಗಳು ಬೆಳ್ಳಗಾದವು, ಆಮೇಲೆ ನೀಲಿ. ನಾನು ಬಿಟ್ಟರೆ ಅವರು ಇಳಿಜಾರಿಗೆ ಬೀಳುತ್ತಾರೆ, ಬಿಡದಿದ್ದರೆ ಆ ಕೈ ಹೋಗುತ್ತದೆ. ಕಾಕಾ ತಮ್ಮ ಕೈಯನ್ನು ನೋಡುತ್ತಿದ್ದರು.

ಕೆಳಗಿನ ಮನೆಯವರು ನಮ್ಮನ್ನು ದಾಟಿ ಓಡಿದರು. ತಮ್ಮ ಹಗ್ಗವನ್ನು ಎಳೆಯುವುದು ಬಿಟ್ಟು, ನಾಯಿಯ ಕಡೆಗೇ ಓಡಿ, ಇಳಿಜಾರಿನ ನಡುವೆ ಅದರ ಕೊರಳು ತಬ್ಬಿ ಕುಳಿತರು. ನಾಯಿಯನ್ನು ಮೇಲಕ್ಕೆ ತಳ್ಳುತ್ತ ತಂದಂತೆ ಹಗ್ಗ ಸಡಿಲವಾಯಿತು. ಆಯಾ ಬಂದು ಬೆರಳು ಬಿಡಿಸಿದಳು. ಎರಡು ಬೆರಳ ಚರ್ಮ ಸುಲಿದಿತ್ತು.

ಎಕ್ಸ್-ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಬೆರಳು ಮಡಚುತ್ತವೆಯೋ ಇಲ್ಲವೋ ಊತ ಇಳಿದ ಮೇಲೆ ತಿಳಿಯುತ್ತದೆ ಎಂದರು ಡಾಕ್ಟರು.

ಈಗಲೂ ಸಭೆಯ ನಡುವೆ, ಫೈಲಿನ ನಡುವೆ, ನನ್ನ ಕಣ್ಣ ಮುಂದೆ ಆ ಬೆರಳುಗಳು ಬಣ್ಣ ಬದಲಿಸುತ್ತವೆ. ಒಂದೊಂದು ಸಲ ನಾಯಿ ನಿಲ್ಲುವುದಿಲ್ಲ. ಒಂದೊಂದು ಸಲ ನನ್ನ ತೋಳು ಬಿಡುತ್ತದೆ.

ಮುಂದಿನ ಕೆಲವು ಭಾನುವಾರ ನಾವು ಹೋಗಲಿಲ್ಲ. ಆಮೇಲೆ ನರ್ಸಿಂಗ್ ಹೋಮಿನ ಮೇಲ್ವಿಚಾರಕರೇ ಫೋನ್ ಮಾಡಿದರು. ಇನ್ನು ಮುಂದೆ ರೋಗಿಯ ಕೈಗೆ ಹಗ್ಗ ಕೊಡಬಾರದು, ನಾಯಿ ಒಳಗೇ ಇರಬೇಕು, ಒಪ್ಪುವುದಾದರೆ ಬನ್ನಿ, ಕಾಕಾ ಕೇಳುತ್ತಿದ್ದಾರೆ ಎಂದರು.

ಹೋದಾಗ ಕಾಕಾನ ಮುಂದೆ ಖಿಚಡಿ ಇತ್ತು. ಆಯಾ ಚಮಚ ಹಿಡಿದು ನಿಂತಿದ್ದಳು. ಇಷ್ಟು ದಿನ ಅವಳೇ ಉಣ್ಣಿಸಿದ್ದಳಂತೆ, ಬೈಸಿಕೊಂಡು. ಕೆಳಗಿನ ಮನೆಯವರು ಬಾಗಿಲಲ್ಲೇ ನಿಂತು ಕ್ಷಮೆ ಕೇಳಲು ಶುರುಮಾಡಿದರು.

"ಅದಿರಲಿ, ಬೇನ್. ನಾಯಿಯನ್ನು ಇಲ್ಲಿ ಕೂರಿಸಿ," ಎಂದರು ಕಾಕಾ. ಆಯಾಳ ಕಡೆ ಎಡಗೈ ಚಾಚಿದರು. ಅವಳು ಚಮಚ ಕೊಟ್ಟಳು. ಬೆರಳುಗಳು ನಿಧಾನಕ್ಕೆ ಮಡಚಿದವು, ಪೂರ್ತಿಯಾಗಿ ಅಲ್ಲ. ಮೊದಲ ತುತ್ತು ಅರ್ಧ ಎದೆಯ ಮೇಲೆ ಚೆಲ್ಲಿತು. ಒರೆಸಲು ಬಾಗಿದ ಆಯಾಳನ್ನು ಕಣ್ಣಲ್ಲೇ ತಡೆದು ಅವರು ಮತ್ತೆ ಚಮಚ ತುಂಬಿದರು.